ಉಳಿದ ಐದು ಹಾಳೆ

ಬಸ್ಸಿನಲ್ಲಿ ಅಳುವುದಕ್ಕೂ ಒಂದು ಮುನ್ನೆಚ್ಚರಿಕೆ ಬೇಕು ಎಂಬುದನ್ನು ಅವನು ಎರಡನೆಯ ಪುಸ್ತಕದ ಹೊತ್ತಿಗೆ ಕಂಡುಕೊಂಡಿದ್ದ. ಮೊದಲನೆಯದನ್ನು ಹಿಡಿದಾಗ ಏನೂ ಗೊತ್ತಿರಲಿಲ್ಲ. ರಟ್ಟಿನ ಮೇಲೆ ಶಾಲೆಯ ಸಮವಸ್ತ್ರದ ಹುಡುಗಿ, ಅವಳ ಹಿಂದೆ ಬೇಕಾದ್ದಕ್ಕಿಂತ ಹೆಚ್ಚು ಆಕಾಶ, ಒಳಗೆ ನಡುನಡುವೆ ಚಿತ್ರ. ಮಕ್ಕಳ ಪುಸ್ತಕವಿರಬೇಕು, ಅರ್ಧ ಗಂಟೆಯ ದಾರಿ ಸವೆದರೆ ಸಾಕು ಎಂದು ನಿಂತುಕೊಂಡೇ ಓದತೊಡಗಿದವನು, ಇಳಿಯುವುದಕ್ಕೆ ಎರಡು ಸ್ಟಾಪು ಇರುವಾಗ, ಆ ಹುಡುಗಿ ಆಸ್ಪತ್ರೆಯ ಕಿಟಕಿಯಿಂದ ಕೈ ಬೀಸಿದ ಕಡೆ ಬಿಕ್ಕಿಬಿಟ್ಟ. ಎದುರು ಕೂತಿದ್ದ ಕಾಲೇಜು ಹುಡುಗ ಗಾಬರಿಯಿಂದ ಎದ್ದು, "ತಾತ, ಕೂತ್ಕೊಳ್ಳಿ" ಅಂದ. ಅವನಿಗೆ ಆಗ ನಲವತ್ತೆಂಟು. ಕೂತ. ಕೂರದಿದ್ದರೆ ಇಡೀ ಬಸ್ಸಿಗೆ ಕಾರಣ ಹೇಳಬೇಕಾಗುತ್ತಿತ್ತು. ಅಂದಿನಿಂದ ಅವನು ಹೊಸ ಪುಸ್ತಕವನ್ನು ಹಿಂದಿನಿಂದಲೇ ತೆರೆಯುತ್ತಾನೆ. ಹುಡುಗಿ ಸಾಯುತ್ತಾಳೋ ಇಲ್ಲವೋ, ಸತ್ತರೆ ಯಾವ ಪುಟದಲ್ಲಿ, ಇಷ್ಟನ್ನು ತಿಳಿದುಕೊಂಡು, ಆ ಪುಟಗಳನ್ನು ಮನೆಯಲ್ಲಿ, ಅಳು ಅಕ್ಕಪಕ್ಕದವರಿಗೆ ಕೇಳದಂತೆ ನಲ್ಲಿ ತಿರುಗಿಸಿಟ್ಟು ಓದಿ ಮುಗಿಸುವುದು, ಉಳಿದದ್ದನ್ನು ಬಸ್ಸಿಗೆ ಇಟ್ಟುಕೊಳ್ಳುವುದು. ಹೀಗೆ ಹಿಂದಿನಿಂದ ತೆರೆದಾಗೆಲ್ಲ ಮೊದಲು ಎದುರಾಗುತ್ತಿದ್ದುದು ಕಥೆಯಲ್ಲ, ಲೇಖಕನ ಮಾತು. ಹರೆಯದವರಿಗೆಂದು ಬರೆದ ಈ ಜಪಾನಿ ಲೈಟ್ ನಾವೆಲುಗಳ ಪದ್ಧತಿಯೇ ಹಾಗೆ. ಕಥೆ ಮುಗಿದ ಮೇಲೆ ನಾಲ್ಕೈದು ಹಾಳೆ ಲೇಖಕ ಹರಟೆ ಹೊಡೆಯುತ್ತಾನೆ. ಬರೆದುಕೊಡುವುದು ತಡವಾಗಿದ್ದಕ್ಕೆ ಸಂಪಾದಕರ ಕ್ಷಮೆ ಕೇಳುತ್ತಾನೆ, ಚಿತ್ರ ಬರೆದವರಿಗೆ ವಂದನೆ ಹೇಳುತ್ತಾನೆ, ತನ್ನ ಬೆನ್ನುನೋವಿನ ವರದಿ ಒಪ್ಪಿಸುತ್ತಾನೆ. ಮುನ್ನೂರು ಪುಟ ಎಲ್ಲರನ್ನೂ ಅಳಿಸಿದ ಮನುಷ್ಯ ಇಲ್ಲಿ ತಾನು ಬೆಳಿಗ್ಗೆ ಏನು ತಿಂದೆ ಎಂದು ಬರೆಯುತ್ತಾನಲ್ಲ ಎಂದು ಮೊದಮೊದಲು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತ ಅದರದೇ ರುಚಿ ಹತ್ತಿತು.

ಇವತ್ತು ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಊಟದ ಡಬ್ಬಿ, ಒಂದು ಪುಸ್ತಕ, ಒಂದು ಹಸಿರು ಫೈಲು. ಫೈಲಿನೊಳಗಿದ್ದದ್ದು ಅಕ್ಕನ ಮಗಳು ಬರೆದ ಕಾದಂಬರಿ. ಮನೆಯವರೆಲ್ಲ ಅವಳನ್ನು ಕರೆಯುವುದು ಗುಬ್ಬಿ ಎಂದು. ಈಗ ಹತ್ತೊಂಬತ್ತು ತುಂಬಿ ಮಾಮನಿಗಿಂತ ಎರಡು ಬೆರಳು ಎತ್ತರವಾಗಿದ್ದರೂ ಗುಬ್ಬಿಯೇ. ಎರಡು ವರ್ಷದ ಹಿಂದೆ ಅಕ್ಕ ತೀರಿಕೊಂಡು, ಭಾವನಿಗೆ ವರ್ಗವಾಗಿ, ಗುಬ್ಬಿ ಹಾಸ್ಟೆಲ್ಲು ಸೇರಿದಾಗ, ಎಲ್ಲಿಯೂ ಹಿಡಿಸದ ಒಂದು ರಟ್ಟಿನ ಪೆಟ್ಟಿಗೆ ಅವನ ಒಂಟಿ ಮನೆಗೆ ಬಂದು ಕೂತಿತ್ತು. ಒಳಗೆ ನಲವತ್ತೊಂದು ಪುಸ್ತಕ. ಒಂದೊಂದರ ಹೆಸರೂ ಒಂದೊಂದು ಪೂರ್ತಿ ವಾಕ್ಯ, ಪುಸ್ತಕ ತೆರೆಯುವ ಮುಂಚೆಯೇ ಉಸಿರು ಕಟ್ಟುವಷ್ಟು ಉದ್ದ. ಈಗ ಅವನು ಅದರಲ್ಲಿ ಪಳಗಿದ್ದ. ಹುಡುಗ ಯಾವಾಗಲೂ ಕಿಟಕಿಯ ಪಕ್ಕ, ಕೊನೆಯ ಸಾಲಿಗಿಂತ ಒಂದು ಮುಂದೆ ಕೂರುತ್ತಾನೆ. ತಾನು ಯಾರಿಗೂ ಬೇಡದವನು ಎಂದುಕೊಂಡಿರುತ್ತಾನೆ. ಹುಡುಗಿ ತಾನಾಗಿ ಮಾತಾಡಿಸುತ್ತಾಳೆ, ಅಂದರೆ ಕಾಯಿಲೆ ಇದೆ ಎಂದೇ ಅರ್ಥ. ಆ ಕಾಯಿಲೆಗೆ ಹೆಸರಿಲ್ಲ, ವಾಸನೆಯಿಲ್ಲ. ಯಾರೂ ವಾಂತಿ ಮಾಡಿಕೊಳ್ಳುವುದಿಲ್ಲ, ಯಾರೂ ಅರ್ಜಿ ಫಾರಂ ಹಿಡಿದು ಮೂರನೇ ಕೌಂಟರಿನಿಂದ ಏಳನೇ ಕೌಂಟರಿಗೆ ಅಲೆಯುವುದಿಲ್ಲ. ಹುಡುಗಿಯ ಕೂದಲು ಕೊನೆಯ ಚಿತ್ರದವರೆಗೂ ಗಾಳಿಗೆ ಹಾರುತ್ತಿರುತ್ತದೆ. ಅಪ್ಪ ಅಮ್ಮ ಬಹುತೇಕ ಪರವೂರಿನಲ್ಲಿ. ಇದೆಲ್ಲ ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಸುಳ್ಳೆಂದು ಗೊತ್ತಿದ್ದೂ ಕಣ್ಣು ಒದ್ದೆಯಾಗುವುದು ನಿಲ್ಲುತ್ತಿರಲಿಲ್ಲ, ಅದಕ್ಕೆ ಅವನು ತನ್ನ ವಯಸ್ಸನ್ನು ದೂರುತ್ತಿದ್ದ. ಒಂದು ಜಾಗದಲ್ಲಿ ಮಾತ್ರ ಪ್ರತಿ ಸಲವೂ ಪುಸ್ತಕ ಮಡಚಿ ಕಿಟಕಿಯ ಹೊರಗೆ ನೋಡುತ್ತಿದ್ದ. ಎಲ್ಲ ಪುಸ್ತಕದಲ್ಲೂ, ಹೆಚ್ಚುಕಡಿಮೆ ಮುಕ್ಕಾಲು ಭಾಗ ಮುಗಿಯುವ ಹೊತ್ತಿಗೆ, ಫೋನು ಬರುತ್ತದೆ, ಮತ್ತು ಹುಡುಗ ಓಡುತ್ತಾನೆ. ಚಪ್ಪಲಿ ಕಳಚಿದರೂ, ಮಳೆ ಸುರಿದರೂ, ಪರೀಕ್ಷೆ ಬರೆಯುತ್ತಿದ್ದರೂ ಎದ್ದು ಓಡುತ್ತಾನೆ. ಓಡದಿರುವ ಹುಡುಗನಿರುವ ಪುಸ್ತಕ ಒಂದಾದರೂ ಇದ್ದೀತೆಂದು ಅವನು ಪೆಟ್ಟಿಗೆಯ ತಳದವರೆಗೂ ಹುಡುಕಿದ್ದ.

ಗುಬ್ಬಿಯ ಕಾದಂಬರಿಯಲ್ಲಿ ಓಡುವವನು ಮಾಮ. ಅವನ ಹಾಗೆಯೇ ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲು ಮಾಡುವ ಮಾಮ. ನಾಲ್ಕು ಪುಟ ಓಡುತ್ತಾನೆ. ಫೋನು ಬಂದ ಕೂಡಲೇ ಕೈಯಲ್ಲಿದ್ದ ಮೇಣವನ್ನು ಹಾಗೇ ಬಿಟ್ಟು ಸ್ಟಾಪಿಗೆ ಬರುತ್ತಾನೆ. ಹದಿನಾಲ್ಕನೇ ನಂಬರಿನ ಬಸ್ಸು ಬರುವುದಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಆಮೇಲೆ ಓಟ, ಸೇತುವೆ, ಸಿಗ್ನಲ್ಲು, ಎದೆ ಹಿಡಿದುಕೊಂಡು ಮತ್ತೆ ಓಟ. ಆಸ್ಪತ್ರೆಯ ಕೋಣೆಯಲ್ಲಿ ಮಗಳು ಅಮ್ಮನ ಕೈ ಹಿಡಿದು ಕೂತಿದ್ದಾಳೆ, ಮಾಮ ಬರ್ತಾನೆ ಅಮ್ಮ, ಓಡಿ ಬರ್ತಾ ಇದ್ದಾನೆ ಎನ್ನುತ್ತಿದ್ದಾಳೆ. ಚೆನ್ನಾಗಿತ್ತು. ಪೆಟ್ಟಿಗೆಯಲ್ಲಿದ್ದ ಎಷ್ಟೋ ಪುಸ್ತಕಗಳಿಗಿಂತ ಚೆನ್ನಾಗಿತ್ತು, ಅದೇ ಅವನ ಸಂಕಟ. ಯಾವುದೋ ಪ್ರಕಾಶನದ ಸ್ಪರ್ಧೆಗೆ ಕಳಿಸುತ್ತಾಳಂತೆ, ನಾಳೆ ಕೊನೆಯ ದಿನ. "ಇಂಥ ಪುಸ್ತಕ ಓದೋನು ನೀನೊಬ್ನೇ ಮಾಮ, ಓದಿ ಹೇಳು. ಊಟದ ಹೊತ್ತಿಗೆ ನಿನ್ನ ಲ್ಯಾಬಿಗೇ ಬರ್ತೀನಿ" ಎಂದು ಫೈಲು ಕೊಟ್ಟು ಹೋಗಿದ್ದಳು. ಬಸ್ಸು ಬರಲಿಲ್ಲ ಎನ್ನುವುದು ಅವನದೇ ಮಾತು. ಅಕ್ಕ ತೀರಿಕೊಂಡ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ಎದುರಾದಾಗ ಬಾಯಿಗೆ ಬಂದದ್ದು ಅದೇ, ಆಮೇಲೆ ಬಂದವರು ಹೋದವರಿಗೆಲ್ಲ ಹೇಳಿ ಹೇಳಿ ಅದು ಗಟ್ಟಿಯಾಗಿಬಿಟ್ಟಿತು. ಗುಬ್ಬಿ ಅಂದಿನಿಂದ ಹದಿನಾಲ್ಕನೇ ನಂಬರು ಹತ್ತಿಲ್ಲ. ಎರಡು ಬಸ್ಸು ಬದಲಾಯಿಸಿ, ಉಳಿದ ದಾರಿ ನಡೆದು ಬರುತ್ತಾಳೆ. ಒಮ್ಮೆ ಅದರ ಡ್ರೈವರನ ಹತ್ತಿರ ಜಗಳವನ್ನೂ ಆಡಿ ಬಂದಿದ್ದಳು. ಪಾಪ, ಆ ಡ್ರೈವರಿಗೆ ತಲೆಬುಡ ತಿಳಿದಿರಲಿಕ್ಕಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ತಡ ಮಾಡದ ಆ ಬಸ್ಸಿನಲ್ಲೇ ಅವನು ದಿನಾ ಹೋಗಿಬರುತ್ತಿದ್ದ. ಇವತ್ತೂ ಕೂತಿದ್ದುದು ಅದರಲ್ಲೇ. ಇಳಿಯುವಾಗ ಡ್ರೈವರನ ಮುಖ ನೋಡದೆ ಇಳಿದ.

ಲ್ಯಾಬೆಂದರೆ ಎರಡು ಕೋಣೆ. ಹೊರಗಿನದರಲ್ಲಿ ಒಂದು ಬೆಂಚು, ಒಳಗಿನದರಲ್ಲಿ ಅವನ ಮೇಜು, ಅದರ ಎದುರು ಪಿಂಗಾಣಿ ಮೇಡಂ ಅವರ ಮೇಜು. ಆಕೆ ಇಪ್ಪತ್ತು ವರ್ಷದಿಂದ ಸವೆದ ಹಲ್ಲಿಗೆ ತೊಡಿಸುವ ಪಿಂಗಾಣಿಯ ಟೊಪ್ಪಿ ಮಾಡುವವರು, ಆದ್ದರಿಂದ ಆ ಹೆಸರು. ಅವನದು ಕಟ್ಟುಹಲ್ಲಿನ ಪೂರ್ತಿ ಸೆಟ್ಟಿನ ಕೆಲಸ. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಪ್ಲಾಸ್ಟರಿನಲ್ಲಿ ಹೂತು, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹಿಟ್ಟು ತುಂಬಿ, ಅಚ್ಚು ಬಿಗಿದು, ಬಿಸಿನೀರಿನ ತೊಟ್ಟಿಯಲ್ಲಿ ಒಂದೂವರೆ ಗಂಟೆ ಬೇಯಿಸುವುದು. ಆತುರಪಟ್ಟು ಬಿಸಿ ಏರಿಸಿದರೆ ಒಳಗೆ ಗುಳ್ಳೆ ಬೀಳುತ್ತದೆ. ಬಾಯಿಯ ಒಡೆಯರನ್ನು ಅವನು ನೋಡುವುದೇ ಇಲ್ಲ, ಚೀಟಿಯ ಮೇಲೆ ಒಂದು ನಂಬರು ಅಷ್ಟೇ. ಇವತ್ತು ಹನ್ನೆರಡು ಕಾಲಿಗೆ ಒಂದು ಸೆಟ್ಟನ್ನು ತೊಟ್ಟಿಗೆ ಇಳಿಸಿ, ಬೆಂದಾಗ ಹೊಡೆಯುವ ಗಂಟೆ ತಿರುಗಿಸಿಟ್ಟ. ಅಕ್ಕ ಹೋದ ದಿನ ಇಳಿಸಿದ್ದು ಹನ್ನೊಂದಕ್ಕೆ. ಹನ್ನೊಂದು ಹತ್ತಕ್ಕೆ ಭಾವನ ಫೋನು, "ಬೇಗ ಬಾ, ಉಸಿರಾಟ ಸರಿಯಿಲ್ಲ." ಪಿಂಗಾಣಿ ಮೇಡಂ ತಲೆಯೆತ್ತಿ, "ನೀವು ಹೋಗಿ, ನಾನು ನೋಡ್ಕೊಳ್ತೀನಿ" ಅಂದರು. ಅವನು, "ಬೇಡ, ಬಿಸಿ ಹೆಚ್ಚುಕಮ್ಮಿ ಆದ್ರೆ ನಿಮಗೆ ಗೊತ್ತಾಗಲ್ಲ" ಅಂದ. ಇಪ್ಪತ್ತು ವರ್ಷ ಪಿಂಗಾಣಿ ಸುಡುವ ಕುಲುಮೆಯ ಮುಂದೆ ಕೂತ ಹೆಂಗಸಿಗೆ ಹೇಳುವ ಮಾತೇ ಅದು! ಆಕೆ ಮತ್ತೆ ತಮ್ಮ ಸಾಣೆಗೆ ತಲೆ ಬಗ್ಗಿಸಿದರು. ಅವನು ತೊಟ್ಟಿಯ ಮುಂದೆ ನಿಂತು ಥರ್ಮಾಮೀಟರು ನೋಡಿದ. ಅಷ್ಟು ಶ್ರದ್ಧೆಯಿಂದ ಅದನ್ನು ಅವನು ಎಂದೂ ನೋಡಿರಲಿಲ್ಲ. ಕಿಟಕಿಯ ಹೊರಗೆ ಹದಿನಾಲ್ಕನೇ ನಂಬರು ಬಂತು, ನಿಂತಿತು, ಹೋಯಿತು. ಅರ್ಧ ಗಂಟೆ ಬಿಟ್ಟು ಇನ್ನೊಂದು. ಆಮೇಲೆ ಇನ್ನೊಂದು. ಅದಕ್ಕೆ ಎರಡು ದಿನ ಮುಂಚೆ ಆಸ್ಪತ್ರೆಯಲ್ಲಿ ಅಕ್ಕನ ಬಾಯನ್ನು ನೋಡಿದ್ದ. ಹಲ್ಲು ಅಕ್ಕನದೇ, ಬಾಯಿ ಬೇರೆ ಯಾರದೋ ಆಗಿತ್ತು, ದಿನಾ ಮೇಜಿಗೆ ಬರುವ ಅಚ್ಚುಗಳಲ್ಲಿ ಒಂದರ ಹಾಗೆ. ಅವನು ನೋಡುತ್ತಿರುವುದನ್ನು ನೋಡಿ ಅಕ್ಕ, "ಏನೋ, ನನಗೂ ಒಂದು ಸೆಟ್ಟು ಮಾಡೋಣ ಅಂತ ಅಳತೆ ತಗೋತಿದ್ದೀಯಾ?" ಎಂದು ನಕ್ಕಿದ್ದಳು. ಅವನು ನಗಲಿಲ್ಲ, ಮುಖ ತಿರುಗಿಸಿದ. ಮತ್ತೆ ಆ ಕೋಣೆಗೆ ಕಾಲಿಡಲು ಅವನಿಗೆ ಹೆದರಿಕೆಯಾಗಿತ್ತು, ಹಲ್ಲು ಬೇಯುತ್ತಿತ್ತೆಂಬುದು ಅದಕ್ಕೆ ಹೊದಿಸಿದ ಬಟ್ಟೆ. ನಾಲ್ಕನೆಯ ಬಸ್ಸು ಹಿಡಿದು ಹೋದಾಗ ಎಲ್ಲ ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಆ ಸೆಟ್ಟು ಮಾತ್ರ ಒಂದು ಗುಳ್ಳೆಯಿಲ್ಲದೆ ಬಂದಿತ್ತು. ಅವನ ಕೈಯಿಂದ ಅಂಥದು ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ. ಅದು ಯಾರ ಬಾಯಲ್ಲಿದೆಯೋ! ರಸ್ತೆಯಲ್ಲಿ ಯಾರಾದರೂ ಮುದುಕರು ಬಾಯಿತುಂಬ ನಕ್ಕರೆ ಈಗಲೂ ಅವನು ನಿಂತು ಹಲ್ಲು ನೋಡುತ್ತಾನೆ. ಒಂದಿಬ್ಬರು ಬೈದದ್ದೂ ಉಂಟು.

ಒಂದು ಗಂಟೆಗೆ ಸರಿಯಾಗಿ ಗುಬ್ಬಿ ಬಂದಳು. ನಡೆದು ಬಂದು ಮುಖ ಕೆಂಪಾಗಿತ್ತು. ಬೆಂಚಿನ ಮೇಲೆ ದೊಪ್ಪನೆ ಕೂತು, ಅವನ ಡಬ್ಬಿಗೆ ಕೈ ಹಾಕಿ, ಬಾಯಿ ತುಂಬಿಕೊಂಡೇ ಕೇಳಿದಳು, "ಹೇಳು ಮಾಮ, ಎಷ್ಟು ಸಲ ಅತ್ತೆ?"

"ಒಂದೂವರೆ."

"ಅದೇನದು ಅರ್ಧ?"

"ಎರಡನೇ ಸಲ ಅರ್ಧದಲ್ಲಿ ಸ್ಟಾಪು ಬಂತು."

ಅವಳು ನಕ್ಕಳು. ಒಳಗಿನಿಂದ ಪಿಂಗಾಣಿ ಮೇಡಂ ಕೂಡ ಮೂಗಿನಲ್ಲಿ ನಕ್ಕಂತೆ ಕೇಳಿಸಿತು. ನಕ್ಕಾಗ ಗುಬ್ಬಿಯ ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಪಕ್ಕದ್ದು ಸ್ವಲ್ಪ ಒಳಗೆ ತಿರುಗಿರುವುದು ಕಾಣುತ್ತದೆ, ಅಕ್ಕನದೂ ಹಾಗೇ ಇತ್ತು. ಹೇಳದೆ ಇದ್ದುಬಿಟ್ಟರೆ ಏನಾಗುತ್ತದೆ ಎಂದು ಅವನು ಬೆಳಿಗ್ಗೆಯಿಂದ ಲೆಕ್ಕ ಹಾಕುತ್ತಲೇ ಇದ್ದ. ಏನೂ ಆಗುವುದಿಲ್ಲ. ಅಚ್ಚಾಗುತ್ತದೆ, ನಾಲ್ಕು ಜನ ಬಸ್ಸಿನಲ್ಲಿ ಅಳುತ್ತಾರೆ, ಅವನು ಸಾಯುವವರೆಗೂ ಓಡುತ್ತಿರುತ್ತಾನೆ. ಹೇಳಿದರೆ ಹೋಗುವುದು ಇವಳೊಬ್ಬಳೇ. ಅವನಿಗೆ ಇದ್ದವಳೂ ಇವಳೊಬ್ಬಳೇ.

"ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಎಲ್ಲೋ ಚೆನ್ನಾಗಿಲ್ಲ ಅಲ್ವಾ? ಹೇಳಿಬಿಡು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

"ಆ ಓಟ."

"ಉದ್ದ ಆಯ್ತಾ? ನಾಲ್ಕು ಪುಟ ಜಾಸ್ತಿ ಅಂತ ನನಗೂ ಅನ್ಸಿತ್ತು."

"ನಾನು ಓಡಲಿಲ್ಲ ಗುಬ್ಬಿ."

"ಗೊತ್ತು ಮಾರಾಯ, ನಿನ್ನ ಮಂಡಿ ನನಗೆ ಗೊತ್ತಿಲ್ವಾ? ಕಥೆ ಅಂದ್ಮೇಲೆ ಒಂಚೂರು ಸೇರಿಸ್ಬೇಕಾಗುತ್ತೆ."

"ಬಸ್ಸು ಬಂದಿತ್ತು. ಸರಿಯಾದ ಹೊತ್ತಿಗೇ ಬಂದಿತ್ತು. ಹಲ್ಲು ಬೇಯೋಕೆ ಇಟ್ಟಿದ್ದೆ, ಅದನ್ನ ನೆಪ ಮಾಡ್ಕೊಂಡು ಇಲ್ಲೇ ನಿಂತಿದ್ದೆ. ಮೇಡಂ ನಾನು ನೋಡ್ಕೊಳ್ತೀನಿ ಹೋಗಿ ಅಂದ್ರು. ಹೋಗಲಿಲ್ಲ. ನಿಮ್ಮಮ್ಮನ ಮುಖ ನೋಡೋಕೆ ನನಗೆ ಹೆದರಿಕೆ ಆಯ್ತು." ಇಷ್ಟನ್ನೂ ಅವನು ಡಬ್ಬಿಯ ಮುಚ್ಚಳಕ್ಕೆ ಹೇಳಿದ. ಒಳಗಿನ ಕೋಣೆಯಲ್ಲಿ ಸಾಣೆಯ ಸದ್ದು ನಿಂತಿತ್ತು.

ಗುಬ್ಬಿ ಬಾಯಲ್ಲಿದ್ದದ್ದನ್ನು ನುಂಗಿದಳು. "ಎಷ್ಟು ಬಸ್ಸು ಬಿಟ್ಟೆ?"

"ಮೂರು."

"ಮೂರಾ?" ಅವಳು ಎದ್ದು ನಿಂತಳು. "ಎರಡು ವರ್ಷ ಮಾಮ! ಎರಡು ವರ್ಷ ಆ ಬಸ್ಸಿನ ಮುಖ ನೋಡದೆ ನಡ್ಕೊಂಡು ಬಂದಿದ್ದೀನಿ. ಆ ಡ್ರೈವರಿಗೆ ನಿನಗೆ ಅಮ್ಮ ಇಲ್ವಾ ಅಂತ ಕೇಳಿಬಿಟ್ಟಿದ್ದೀನಿ. ಅಮ್ಮ ನಿನ್ನ ಕೇಳಿದ್ಲು. ಅವನು ಬಂದ್ನಾ ಅಂತ ಎರಡು ಸಲ ಕೇಳಿದ್ಲು, ಗೊತ್ತಾ ನಿನಗೆ?" ಫೈಲು ಕಿತ್ತುಕೊಂಡು ಬಾಗಿಲವರೆಗೆ ಹೋದಳು. ಹೋಗಲಿ ಎಂದುಕೊಂಡ ಅವನು, ಹೋಗಲೇಬೇಕು, ತಾನಾದರೂ ಹೋಗುತ್ತಿದ್ದೆ. ಎದ್ದು ತಡೆಯುವುದಕ್ಕೂ ಧೈರ್ಯ ಬರಲಿಲ್ಲ. ಅವಳು ಹೊಸ್ತಿಲಲ್ಲಿ ಬೆನ್ನು ಮಾಡಿ ನಿಂತೇ ಇದ್ದಳು. ರಸ್ತೆಯಲ್ಲಿ ಯಾರೋ ಸೈಕಲ್ಲಿನ ಚೈನು ಸರಿಮಾಡಿಕೊಳ್ಳುತ್ತಿದ್ದರು. ಅವರ ಚೈನು ಕೂತು, ಅವರು ಹತ್ತಿ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು.

"ನಾನು ಕೈ ಹಿಡ್ಕೊಂಡಿದ್ದೆ ಅಂತ ಬರ್ದಿದ್ದೀನಲ್ಲ," ಅಂದಳು, ತಿರುಗದೆ. "ಅದೂ ಸುಳ್ಳು."

ಅವನು ಡಬ್ಬಿಯ ಮುಚ್ಚಳವನ್ನು ಕೆಳಗಿಟ್ಟ.

"ಅಪ್ಪ ಔಷಧಿ ತರೋಕೆ ಕೆಳಗೆ ಹೋಗಿದ್ರು. ನಾನು ಅಮ್ಮನ ಹತ್ರ ಕೂತು ಪುಸ್ತಕ ಓದ್ತಾ ಇದ್ದೆ. ದಿನಾ ಅವಳಿಗೆ ಕಥೆ ಹೇಳ್ತಿದ್ದೆ, ಆ ಸೈಕಲ್ ಹುಡುಗಿದು. ಅಮ್ಮ, ಹೊರಗೆ ಹೋಗಿ ಮುಗಿಸ್ಕೊಂಡು ಬಾರೇ, ಆ ಹುಡುಗಿ ಕೊನೆಗೆ ಏನಾದ್ಲು ಹೇಳು ಅಂದ್ಲು. ಹೊರಗೆ ಕೂತೆ. ಅಧ್ಯಾಯ ಮುಗೀತು, ಅಳು ಬಂತು, ಕನ್ನಡಕ ಒರೆಸ್ಕೊಂಡೆ. ಇನ್ನೂ ಐದು ಹಾಳೆ ಇತ್ತು. ನೀರು ಕುಡಿದು ಬಂದು ಓದಿ ಹೇಳೋಣ ಅಂತ ಗುರುತು ಇಟ್ಟು ಎದ್ದೆ. ಅಷ್ಟೊತ್ತಿಗೆ ನರ್ಸು ಕೂಗಿದ್ರು. ಹತ್ತು ಹೆಜ್ಜೆ ಮಾಮ. ನನಗೆ ಬಸ್ಸೂ ಬೇಕಾಗಿರ್ಲಿಲ್ಲ."

ಅವನು ಇವತ್ತು ಅವಳಿಗೆ ಹಿಂದಿರುಗಿಸೋಣವೆಂದು ತಂದಿದ್ದ ಪುಸ್ತಕವನ್ನು ಚೀಲದಿಂದ ತೆಗೆದು ಬೆಂಚಿನ ಮೇಲಿಟ್ಟ. ಹೆಸರು: ಇನ್ನು ನಲವತ್ತೇ ದಿನ ಇರುವ ಹುಡುಗಿ ನನಗೆ ಸೈಕಲ್ ಕಲಿಸಿಯೇ ತೀರುತ್ತೇನೆ ಅಂದಳು. ಕೊನೆಯ ಭಾಗದಲ್ಲಿ ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರಿಗೆ ಕೊಡುವ ಹಳದಿ ಪಾಸು ನಾಲಿಗೆಯ ಹಾಗೆ ಹೊರಗೆ ಚಾಚಿತ್ತು. ಪೆಟ್ಟಿಗೆಯಲ್ಲಿ ಅವನು ಓದದೆ ಬಿಟ್ಟದ್ದು ಇದೊಂದನ್ನೇ.

ಗುಬ್ಬಿ ಬಂದು ಅದರ ಪಕ್ಕ ಕೂತಳು. ಮುಟ್ಟಲಿಲ್ಲ. "ಓದಿದ್ಯಾ?"

"ಇಲ್ಲ. ನೀನು ಗುರುತು ಇಟ್ಟಿದ್ದೆಯಲ್ಲ."

"ಹಿಂದಿನಿಂದ ಇಣುಕಿ ನೋಡೋ ಚಟ ನಿನಗೆ, ಇದನ್ನ ನೋಡ್ಲಿಲ್ವಾ?"

"ಇದೊಂದನ್ನ ನೋಡ್ಲಿಲ್ಲ."

"ಹಾಗಾದ್ರೆ ಈಗ ಓದ್ತೀನಿ. ಅಮ್ಮ ಕೇಳಿದ್ಲಲ್ಲ." ಅವಳು ಪುಸ್ತಕ ಎತ್ತಿಕೊಂಡು ಪಾಸಿನ ಮೇಲೆ ಹೆಬ್ಬೆರಳು ಇಟ್ಟಳು. ಆಗ ಅವನಿಗೆ ಅದು ಕಂಡಿತು. ಆ ಹೆಬ್ಬೆರಳಿನಾಚೆ ಉಳಿದಿದ್ದ ಹಾಳೆಗಳ ದಪ್ಪ ಅವನಿಗೆ ನಲವತ್ತು ಪುಸ್ತಕಗಳಿಂದ ಪರಿಚಯ, ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲ. ಗುಬ್ಬಿ ಎಂದೂ ಆ ಹಾಳೆಗಳನ್ನು ಓದಿದವಳಲ್ಲ; ಕಥೆ ಮುಗಿದ ಕೂಡಲೇ ಪುಸ್ತಕ ಮುಚ್ಚಿ ಇನ್ನೊಂದಕ್ಕೆ ಕೈ ಹಾಕುವವಳು. "ಗುಬ್ಬಿ, ತಡಿ, ಅದು ಈಗ ಬೇಡ..." ಎನ್ನುವಷ್ಟರಲ್ಲಿ ಅವಳು ತೆರೆದಾಗಿತ್ತು.

"ಲೇಖಕನ ಮಾತು," ಎಂದು ಓದಿದಳು. "ಎಲ್ಲರಿಗೂ ನಮಸ್ಕಾರ. ಈ ಪುಸ್ತಕ ಎರಡು ತಿಂಗಳು ತಡವಾಯಿತು. ಸಂಪಾದಕರು ದಯವಿಟ್ಟು ಕ್ಷಮಿಸಬೇಕು. ನಮ್ಮ ಮನೆಯ ಬೆಕ್ಕು ಕೀಬೋರ್ಡಿನ ಮೇಲೆ ಮಲಗುವುದನ್ನು ಕಲಿತಿದೆ. ಎಬ್ಬಿಸಲು ಮನಸ್ಸು ಬರಲಿಲ್ಲ." ಅವಳು ಹಾಳೆ ತಿರುವಿದಳು. ಇನ್ನೊಂದು ತಿರುವಿದಳು. ಕೊನೆಯವರೆಗೂ ತಿರುವಿ, ರಟ್ಟನ್ನೂ ನೋಡಿ, ಮತ್ತೆ ಪಾಸು ಇದ್ದ ಕಡೆಗೆ ಬಂದಳು. "ಕಥೆ ಎಲ್ಲಿ ಮಾಮ?"

"ಮುಗಿದಿತ್ತು ಕಣೇ."

"ಇದು ಮುಗಿದಿದ್ದಾ?" ಪಾಸಿನ ಈಚೆಯ ಪುಟದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಅವನು ಬಗ್ಗಿ ಓದಿದ. ಹುಡುಗ ಪೆಡಲು ತುಳಿಯುತ್ತಿದ್ದಾನೆ, ಹಿಂದಿನಿಂದ ಸೀಟು ಹಿಡಿದುಕೊಂಡಿದ್ದವಳು ಯಾವಾಗ ಕೈಬಿಟ್ಟಳೋ ಅವನಿಗೆ ತಿಳಿಯಲಿಲ್ಲ. ಅಷ್ಟೇ. ಅಲ್ಲಿಂದಾಚೆ ಬಿಳಿ ಜಾಗ.

"ನನಗೆ ಕಥೆ ಪೂರ್ತಿ ಗೊತ್ತಿತ್ತು," ಅಂದಳು ಗುಬ್ಬಿ ನಿಧಾನವಾಗಿ. "ಒಳಗೆ ಹೋಗಿ ಹೇಳಬಹುದಿತ್ತು. ಇನ್ನೂ ಇದೆ ಅಂತ ನಾನು ಹೊರಗೇ ಉಳಿದಿದ್ದು..." ಅವಳ ಮುಖ ಏನಾಗಬೇಕೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತಿತು. "ಬೆಕ್ಕಿಗೋಸ್ಕರವಾ? ಮಾಮ, ಒಂದು ಬೆಕ್ಕಿಗೋಸ್ಕರವಾ?"

ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬೆಂಚು ಅಲ್ಲಾಡುವಂತೆ ನಕ್ಕಳು. ಅವನಿಗೂ ತಡೆಯಲಾಗಲಿಲ್ಲ. ಅಕ್ಕ ಇದ್ದಿದ್ದರೆ ಇಬ್ಬರಿಗಿಂತ ಜೋರಾಗಿ ನಗುತ್ತಿದ್ದಳು, ಬೆಕ್ಕಿನ ಬಣ್ಣ ಯಾವುದು ಎಂದು ಕೇಳುತ್ತಿದ್ದಳು. ಆ ನಗು ಯಾವಾಗ ಅಳುವಾಯಿತೋ ಅವನಿಗೆ ತಿಳಿಯಲಿಲ್ಲ. ಗುಬ್ಬಿ ಅವನ ತೋಳಿಗೆ ಹಣೆ ಒತ್ತಿ ಅಳುತ್ತಿದ್ದಳು, ಅವನು ಪ್ಲಾಸ್ಟರಿನ ಪುಡಿ ಮೆತ್ತಿದ ಕೈಯನ್ನು ಅವಳ ತಲೆಯ ಮೇಲೆ ಇಡಲೋ ಬೇಡವೋ ಎಂದು ಎತ್ತಿ ಹಿಡಿದುಕೊಂಡಿದ್ದ. ಕೊನೆಗೆ ಇಟ್ಟ. ಕೂದಲಿಗೆ ಬಿಳಿ ಹತ್ತಿತು.

ಬಹಳ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು, ಫೈಲು ತೆರೆದು, ಪೆನ್ಸಿಲಿನಿಂದ ಓಟದ ನಾಲ್ಕೂ ಪುಟಕ್ಕೆ ಅಡ್ಡಗೆರೆ ಎಳೆದಳು. ತಾನು ಅಮ್ಮನ ಕೈ ಹಿಡಿದ ಪುಟದ ಮೇಲೆ ಪೆನ್ಸಿಲು ಸ್ವಲ್ಪ ತಡೆಯಿತು, ಆಮೇಲೆ ಅದಕ್ಕೂ ಎಳೆದಳು. "ಹಲ್ಲು ಬೇಯೋಕೆ ಎಷ್ಟು ಹೊತ್ತು ಬೇಕು?"

"ಒಂದೂವರೆ ಗಂಟೆ."

"ಮೂರು ಬಸ್ಸು," ಎಂದು ಅಂಚಿನಲ್ಲಿ ಬರೆದುಕೊಂಡಳು. "ನಿನ್ನ ಮೇಲೆ ಸಿಟ್ಟು ಹೋಗಿಲ್ಲ ನನಗೆ."

"ಹ್ಞೂಂ."

"ಹೋಗುತ್ತೆ ಅಂತಾನೂ ಹೇಳ್ತಿಲ್ಲ."

ಆಗ ಒಳಗೆ ತೊಟ್ಟಿಯ ಗಂಟೆ ಹೊಡೆಯಿತು. ಇಷ್ಟು ವರ್ಷದ ಅಭ್ಯಾಸ, ಅವನ ಕಾಲು ತಾನಾಗಿ ನೆಲಕ್ಕೆ ಊರಿ ಅರ್ಧ ಎದ್ದಿತು. ಪಿಂಗಾಣಿ ಮೇಡಂ ಬಾಗಿಲಿನಿಂದ ತಲೆ ಹೊರಗೆ ಹಾಕಿದರು. ಅವರ ಕಣ್ಣೂ ಕೆಂಪಾಗಿತ್ತು, ಪಿಂಗಾಣಿಯ ಪುಡಿಯಿಂದ ಇರಬಹುದು. "ನೀವು ಕೂತಿರಿ," ಅಂದರು, "ನಾನು ನೋಡ್ಕೊಳ್ತೀನಿ."

ಅವನು ಆಕೆಯನ್ನು ನೋಡಿದ. ಬಿಸಿಯ ವಿಷಯ, ಗುಳ್ಳೆಯ ವಿಷಯ, ಅಚ್ಚನ್ನು ತಣ್ಣೀರಿಗೆ ಹಾಕದೆ ತಾನಾಗಿ ಆರಲು ಬಿಡಬೇಕೆಂಬ ವಿಷಯ ಎಲ್ಲ ನಾಲಿಗೆಯ ತುದಿಗೆ ಬಂತು.

"ಆಗಲಿ ಮೇಡಂ," ಎಂದು ಕೂತ.

ಗುಬ್ಬಿ ಕಾಲನ್ನು ಬೆಂಚಿನ ಮೇಲೆ ಮಡಚಿಕೊಂಡು ಪುಸ್ತಕವನ್ನು ಅವನ ತೊಡೆಯ ಮೇಲೆ ಹಾಕಿದಳು. ಹಳದಿ ಪಾಸನ್ನು ತೆಗೆದು ಮುಷ್ಟಿಯಲ್ಲಿ ಇಟ್ಟುಕೊಂಡಳು.

"ಓದು. ಆ ಬೆಕ್ಕು ಕೊನೆಗೆ ಎದ್ದಿತೋ ಇಲ್ವೋ ನೋಡೋಣ."

ಅವನು ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ನಮಸ್ಕಾರ ಎಂಬಲ್ಲಿಂದ ಓದತೊಡಗಿದ.